ಕಥೆಯಲ್ಲಿಲ್ಲದ ನರಿ

ಹೋದ ವರ್ಷ ನಮ್ಮ ಮನೆಗೆ ಹತ್ತಿರದ ಶಾಲೆಯೊಂದರವರು, ತಮ್ಮ ಪುಸ್ತಕಾಲಯಕ್ಕೆ ಕೊಳ್ಳಬೇಕೆಂದಿದ್ದ ಮಕ್ಕಳ ಪುಸ್ತಕಗಳ ಪಟ್ಟಿಯನ್ನು ನೋಡಿಕೊಡಬೇಕೆಂದು ನನ್ನನ್ನು ಕೇಳಿಕೊಂಡರು. ಕಾಲೇಜಿನಲ್ಲಿ ಕನ್ನಡ ಹೇಳುವವನಿಗೆ ಇಂಥ ಗೌರವಗಳು ಆಗಾಗ ಒದಗುವುದುಂಟು. ಸಂಭಾವನೆ ಒಂದು ಲೋಟ ಕಾಫಿ. ಕೆಂಪು ಶಾಯಿಯ ಲೇಖನಿ ಹಿಡಿದು ಕುಳಿತೆ. ಪಟ್ಟಿಯಲ್ಲಿ ಏಳೆಂಟು ಚಿತ್ರದ ಪುಸ್ತಕಗಳಿದ್ದುವು. ಮಾದರಿ ಪ್ರತಿಗಳನ್ನು ತಿರುವಿಹಾಕಿದೆ. ಪುಟಕ್ಕೆ ನಾಲ್ಕು ಮಾತಿಲ್ಲ. ಕೆಲವು ಪುಟಗಳಲ್ಲಿ ಒಂದು ಮಾತೂ ಇಲ್ಲ. ಬೆಲೆ ಮಾತ್ರ ದಪ್ಪ ಪುಸ್ತಕದ್ದು. ‘ಓದುವುದಕ್ಕೇನೂ ಇಲ್ಲ’ ಎಂದು ಅಂಚಿನಲ್ಲಿ ಬರೆದು ಅಷ್ಟನ್ನೂ ಹೊಡೆದುಹಾಕಿದೆ. ಮುಖ್ಯೋಪಾಧ್ಯಾಯಿನಿಯವರು ಏನೋ ಹೇಳಹೊರಟು ಸುಮ್ಮನಾದರು.

ಇದಾದ ಕೆಲವು ತಿಂಗಳಿಗೆ ನನ್ನ ಐದು ವರ್ಷದ ಮಗಳಿಗೆ ನೆಂಟರೊಬ್ಬರು ಒಂದು ಇಂಗ್ಲಿಷ್ ಪುಸ್ತಕ ತಂದುಕೊಟ್ಟರು. ಪ್ಯಾಟ್ ಹಚಿನ್ಸ್ ಎಂಬ ಇಂಗ್ಲಿಷ್ ಲೇಖಕಿ 1968ರಲ್ಲಿ ಬರೆದು ತಾನೇ ಚಿತ್ರಿಸಿದ ‘ರೋಸೀಸ್ ವಾಕ್’. ರೋಸಿ ಎಂಬ ಕೋಳಿ ಅಂಗಳ ದಾಟಿ, ಕೊಳ ಸುತ್ತಿ, ಹುಲ್ಲಿನ ಬಣವೆ ಹತ್ತಿಳಿದು, ಊಟದ ಹೊತ್ತಿಗೆ ಮನೆಗೆ ಬರುತ್ತದೆ. ಕಥೆ ಇಷ್ಟೆ. ಇಡೀ ಪುಸ್ತಕದಲ್ಲಿರುವುದು ಮೂವತ್ತೆರಡು ಪದ. ನಾನು ಒಂದೊಂದು ಪುಟವನ್ನೂ ಓದಿ ಕನ್ನಡದಲ್ಲಿ ಹೇಳುತ್ತ ಹೋದೆ. ಮಗಳು ಬಿದ್ದು ಬಿದ್ದು ನಗುತ್ತಿದ್ದಳು. ಕೋಳಿ ನಡೆದರೆ ನಗುವುದೇನು ಬಂತು? ಕೇಳಿಯೇಬಿಟ್ಟೆ.

“ಅಪ್ಪಾ, ನರಿ!” ಎಂದಳು.

“ಎಲ್ಲಿದೆಯೆ ನರಿ? ಕಥೆಯಲ್ಲಿ ನರಿಯೇ ಇಲ್ಲವಲ್ಲ.”

ಆಗ ಅವಳು ಬೆರಳಿಟ್ಟು ತೋರಿಸಿದಳು. ಕೋಳಿಯ ಹಿಂದೆ ಮೊದಲಿನಿಂದಲೂ ಒಂದು ನರಿ ಹೊಂಚುಹಾಕಿ ಬರುತ್ತಿದೆ! ಹಾರಿ ಹಿಡಿಯಹೋಗಿ ಹುಲ್ಲು ಬಾಚುವ ಕೋಲನ್ನು ತುಳಿಯುತ್ತದೆ, ಕೋಲು ಎದ್ದು ಮೂತಿಗೆ ಬಡಿಯುತ್ತದೆ. ಮತ್ತೆ ಹಾರಿ ಕೊಳಕ್ಕೆ ಬೀಳುತ್ತದೆ. ಹಿಟ್ಟಿನ ಮೂಟೆಯ ಕೆಳಗೆ ಸಿಕ್ಕುತ್ತದೆ. ಕೊನೆಗೆ ಜೇನುಹುಳುಗಳು ಅಟ್ಟಿಸಿಕೊಂಡು ಬರುತ್ತವೆ. ಕೋಳಿಗೆ ಇದಾವುದರ ಪರಿವೆಯೂ ಇಲ್ಲ. ಮಾತುಗಳಿಗೂ ಇಲ್ಲ. ಎಂ.ಎ. ಓದಿದ ತಂದೆಗೂ ಇರಲಿಲ್ಲ. ಅಕ್ಷರ ಬಾರದ ಹುಡುಗಿಯೊಬ್ಬಳಿಗೆ ಮಾತ್ರ ಪೂರ್ತಿ ಕಥೆ ತಿಳಿದಿತ್ತು.

ಆ ರಾತ್ರಿ ಕೆಂಪು ಶಾಯಿಯ ನೆನಪಾಗಿ ನಿದ್ದೆ ಸರಿಯಾಗಿ ಹತ್ತಲಿಲ್ಲ. ಚಿತ್ರವೆಂದರೆ ಕಥೆಗೆ ತೊಡಿಸುವ ಒಡವೆ ಎಂದು ನಾನು ತಿಳಿದಿದ್ದೆ. ಇದ್ದರೆ ಚೆಂದ, ಇಲ್ಲದಿದ್ದರೆ ನಷ್ಟವಿಲ್ಲ. ಹಾಗಾದರೆ ಈ ನರಿ ಎಲ್ಲಿಂದ ಬಂತು? ಅದರ ಜಾಡು ಹಿಡಿದು ಹೊರಟವನು ಸುಮಾರು ಮುನ್ನೂರೈವತ್ತು ವರ್ಷ ಹಿಂದಕ್ಕೆ ಹೋಗಬೇಕಾಯಿತು.

ಮೊದಲು ಸಿಕ್ಕವನು ಯೋಹಾನ್ ಆಮೋಸ್ ಕಮೇನಿಯಸ್. 1592ರಲ್ಲಿ ಮೊರಾವಿಯದಲ್ಲಿ ಹುಟ್ಟಿದವನು. ಮತದ ಹೆಸರಿನ ಯುದ್ಧದಲ್ಲಿ ನೆಲೆ ಕಳೆದುಕೊಂಡವನು. ಎಳೆಯ ಹೆಂಡತಿಯನ್ನೂ ಎರಡು ಮಕ್ಕಳನ್ನೂ ಪಿಡುಗಿಗೆ ಒಪ್ಪಿಸಿದವನು. 1656ರಲ್ಲಿ ಅವನು ನೆಲಸಿದ್ದ ಪೋಲೆಂಡಿನ ಲೆಷ್ನೊ ಪಟ್ಟಣಕ್ಕೆ ಬೆಂಕಿ ಬಿದ್ದು, ಅವನ ಹಸ್ತಪ್ರತಿಗಳು ಸುಟ್ಟುಹೋದುವು. ಇಷ್ಟು ಕಂಡವನು ಎರಡೇ ವರ್ಷಕ್ಕೆ, 1658ರಲ್ಲಿ, ನ್ಯೂರೆಂಬರ್ಗಿನಲ್ಲಿ ಮಕ್ಕಳಿಗಾಗಿ ಒಂದು ಚಿತ್ರದ ಪುಸ್ತಕವನ್ನು ಹೊರತಂದನೆಂದರೆ ಆಶ್ಚರ್ಯವಲ್ಲವೆ? ಅದೇ ‘ಓರ್ಬಿಸ್ ಪಿಕ್ಟಸ್’, ಎಂದರೆ ಚಿತ್ರದಲ್ಲಿ ಕಂಡ ಲೋಕ.

ಆ ಕಾಲದ ಹುಡುಗರು ಕಾಣದ ವಸ್ತುಗಳ ಲ್ಯಾಟಿನ್ ಹೆಸರುಗಳನ್ನು ಬೆತ್ತದ ಭಯಕ್ಕೆ ಉರುಹೊಡೆಯುತ್ತಿದ್ದರು. ಮೊದಲು ವಸ್ತು, ಆಮೇಲೆ ಹೆಸರು ಎಂದು ಕಮೇನಿಯಸ್ ಕ್ರಮವನ್ನು ತಿರುಗಿಸಿದ. ಸುಮಾರು ನೂರೈವತ್ತು ಪಾಠಗಳು; ಪ್ರತಿಯೊಂದಕ್ಕೂ ಮರದ ಅಚ್ಚಿನ ಒಂದು ಚಿತ್ರ. ಚಿತ್ರದಲ್ಲಿರುವ ಪದಾರ್ಥಗಳಿಗೆ ಅಂಕಿ ಹಾಕಿ, ಕೆಳಗಿನ ಲ್ಯಾಟಿನ್ ಮತ್ತು ಜರ್ಮನ್ ಮಾತುಗಳಿಗೂ ಅದೇ ಅಂಕಿಯನ್ನು ಕೊಟ್ಟಿದ್ದಾನೆ. ಅಕ್ಷರಮಾಲೆಯಲ್ಲಿ ಬಹುಪಾಲು ಅಕ್ಷರಗಳಿಗೆ ಒಂದೊಂದು ಪ್ರಾಣಿ ಇದೆ. ಅದು ಕೂಗುವ ದನಿಯೇ ಆ ಅಕ್ಷರದ ದನಿ. ‘ಆ’ ಎಂದು ಕೂಗುವುದು ಕಾಗೆ. ‘ಅ ಅಗಸ, ಆ ಆನೆ’ ಎಂದು ಪಟ ನೋಡಿ ಕಲಿತ ನಮಗೆ ಇದು ತೀರ ದೂರದ ನೆಂಟಸ್ತಿಕೆಯೇನಲ್ಲ. ಮರುವರ್ಷವೇ ಇಂಗ್ಲಿಷಿಗೆ ಬಂದ ಈ ಪುಸ್ತಕ, ನೂರು ವರ್ಷ ಕಳೆದರೂ ಗಯಟೆಯ ಬಾಲ್ಯದಲ್ಲಿ ಅವನ ಕೈಯಲ್ಲಿತ್ತು.

ಆದರೆ ಇಲ್ಲಿ ಚಿತ್ರ ಮಾತಿನ ಸಾಕ್ಷಿ ಮಾತ್ರ. ಮಾತು ಹೇಳಿದ್ದನ್ನು ‘ಹೌದು’ ಎನ್ನುತ್ತದೆ; ತನ್ನದೆಂದು ಏನನ್ನೂ ಹೇಳುವುದಿಲ್ಲ.

ಲಂಡನ್ನಿನ ಜಾನ್ ನ್ಯೂಬರಿ ಇದಕ್ಕೆ ವಿನೋದವನ್ನು ಸೇರಿಸಿದ. 1744ರಲ್ಲಿ ಅವನು ಅಚ್ಚುಮಾಡಿದ ಪುಟ್ಟ ಚಿತ್ರಪುಸ್ತಕಕ್ಕೆ ಆರು ಪೆನ್ನಿ ಬೆಲೆ. ಇನ್ನೆರಡು ಪೆನ್ನಿ ಕೊಟ್ಟರೆ ಹುಡುಗನಿಗೆ ಒಂದು ಚೆಂಡು, ಹುಡುಗಿಗೆ ಗುಂಡುಸೂಜಿ ಚುಚ್ಚುವ ಮೆತ್ತೆ. ಮಕ್ಕಳ ಪುಸ್ತಕವೂ ವ್ಯಾಪಾರವಾಗಬಲ್ಲುದೆಂದು ಕಂಡುಕೊಂಡವನು ಅವನು.

ಅಲ್ಲಿಂದ ನೂರು ವರ್ಷಕ್ಕೆ, 1844ರ ಕ್ರಿಸ್ಮಸ್ ಸಮಯದಲ್ಲಿ, ಫ್ರಾಂಕ್‌ಫರ್ಟಿನ ಹೈನ್ರಿಕ್ ಹಾಫ್‌ಮನ್ ಎಂಬ ವೈದ್ಯ ತನ್ನ ಮೂರು ವರ್ಷದ ಮಗನಿಗೆ ಪುಸ್ತಕ ಕೊಳ್ಳಲು ಹೊರಟ. ಅಂಗಡಿಯಲ್ಲಿದ್ದುವೆಲ್ಲ ಬರಿಯ ನೀತಿ. ಬೇಸತ್ತು ಒಂದು ಖಾಲಿ ಪುಸ್ತಕವನ್ನು ಕೊಂಡು ಮನೆಗೆ ಬಂದು, ತಾನೇ ಪದ್ಯ ಕಟ್ಟಿ ಚಿತ್ರ ಬರೆದ. ಅಳುವ ರೋಗಿಮಕ್ಕಳನ್ನು ಸುಮ್ಮನಿರಿಸಲು ಚಿತ್ರ ಗೀಚುವುದು ಅವನಿಗೆ ಮೊದಲೇ ರೂಢಿ. ಸಾರು ಬೇಡವೆಂದು ಹಟ ಹಿಡಿದ ಹುಡುಗ ದಿನದಿನಕ್ಕೆ ಸೊರಗಿ ದಾರದಂತಾಗಿ ಐದನೆಯ ದಿನ ಸತ್ತೇಹೋಗುವ ಕಥೆ ಅದರಲ್ಲಿದೆ. ಗೋರಿಯ ಮೇಲೆ ಸಾರಿನ ಪಾತ್ರೆ! 1845ರಲ್ಲಿ ಅಚ್ಚಾದ ಈ ಪುಸ್ತಕ ‘ಸ್ಟ್ರೂವೆಲ್‌ಪೀಟರ್’ ಎಂಬ ಹೆಸರಿನಿಂದ ಲೋಕಪ್ರಸಿದ್ಧವಾಯಿತು. ಕಥೆ ಕ್ರೂರವೇ ಸರಿ. ಆದರೂ ದಪ್ಪ ಹುಡುಗ ಗೆರೆಯಾಗುವುದನ್ನು ಕಣ್ಣಾರೆ ಕಂಡ ಮಗು ಹೆದರುವುದಕ್ಕಿಂತ ಹೆಚ್ಚಾಗಿ ನಗುತ್ತದೆ. ಸಾಕ್ಷಿಯಾಗಿದ್ದ ಚಿತ್ರ ಇಲ್ಲಿ ಆಟಕ್ಕೆ ಇಳಿಯಿತು.

1865ರಲ್ಲಿ ಲ್ಯೂಯಿಸ್ ಕ್ಯಾರಲ್‌ನ ‘ಆಲಿಸ್’ ಬಂದಾಗ ಚಿತ್ರಕಾರನಿಗೆ ಇನ್ನೊಂದು ಮೆಟ್ಟಿಲು ಮೇಲಿನ ಪದವಿ ದೊರೆಯಿತು. ಚಿತ್ರಗಳು ಸರಿಯಾಗಿ ಅಚ್ಚಾಗಿಲ್ಲವೆಂದು ಜಾನ್ ಟೆನಿಯೆಲ್ ತಕರಾರು ತೆಗೆದ. ಎರಡು ಸಾವಿರ ಪ್ರತಿಗಳ ಆ ಮುದ್ರಣವನ್ನು ಕ್ಯಾರಲ್ ಹಿಂದಕ್ಕೆ ತೆಗೆದುಕೊಂಡು, ತನ್ನ ಖರ್ಚಿನಲ್ಲಿ ಮತ್ತೆ ಅಚ್ಚುಮಾಡಿಸಿದ. ನಾ. ಕಸ್ತೂರಿಯವರ ‘ಪಾತಾಳದಲ್ಲಿ ಪಾಪಚ್ಚಿ’ಯ ಮೂಲಕ ಆಲಿಸಳನ್ನು ಬಲ್ಲ ನಮ್ಮ ಓದುಗರು, ಚಿತ್ರಕ್ಕಾಗಿ ಲೇಖಕನೊಬ್ಬ ಇಷ್ಟು ಕಳೆದುಕೊಂಡದ್ದನ್ನೂ ನೆನೆಯಬೇಕು.

ಆದರೂ ನನ್ನ ನರಿ ಇನ್ನೂ ಸಿಕ್ಕಿರಲಿಲ್ಲ. ಅದು ಸಿಕ್ಕಿದ್ದು ಲಂಡನ್ನಿನ ಒಂದು ಮುದ್ರಣಾಲಯದಲ್ಲಿ. ಎಡ್ಮಂಡ್ ಇವಾನ್ಸ್ ಎಂಬ ಮುದ್ರಕ ಪ್ರತಿಯೊಂದು ಬಣ್ಣಕ್ಕೂ ಒಂದೊಂದು ಮರದ ಅಚ್ಚನ್ನು ಕೆತ್ತಿಸಿ, ಒಂದರ ಮೇಲೊಂದು ಕೂದಲೆಳೆಯಷ್ಟೂ ತಪ್ಪದಂತೆ ಒತ್ತುವುದರಲ್ಲಿ ಪಳಗಿದ್ದ. ಅಗ್ಗದ ಪುಸ್ತಕವೆಂದರೆ ಕಣ್ಣಿಗೆ ರಾಚುವ ಬಣ್ಣವೇ ಆಗಬೇಕಿಲ್ಲ ಎಂಬುದು ಅವನ ಹಟ. ಅವನು ಹುಡುಕಿ ಹಿಡಿದ ಚಿತ್ರಕಾರ ರ‍್ಯಾಂಡಲ್ಫ್ ಕಾಲ್ಡೆಕಾಟ್, ಹಿಂದೆ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಪುಸ್ತಕ ಮಾರಾಟವಾದರೆ ಪ್ರತಿಗೊಂದು ಪೆನ್ನಿ, ಆಗದಿದ್ದರೆ ಏನೂ ಇಲ್ಲ ಎಂಬುದು ಒಪ್ಪಂದ. 1878ರಿಂದ 1885ರವರೆಗೆ ವರ್ಷಕ್ಕೆರಡರಂತೆ ಹದಿನಾರು ಪುಸ್ತಕಗಳು ಬಂದುವು. ಒಂದೊಂದಕ್ಕೆ ಒಂದು ಶಿಲ್ಲಿಂಗ್ ಬೆಲೆ.

ಇಂಗ್ಲಿಷರ ಶಿಶುಗೀತವೊಂದರಲ್ಲಿ ಹಸು ಚಂದ್ರನನ್ನು ಹಾರುತ್ತದೆ, ನಾಯಿ ನಗುತ್ತದೆ, ತಟ್ಟೆ ಚಮಚದೊಡನೆ ಓಡಿಹೋಗುತ್ತದೆ. ಹಾಡು ಅಲ್ಲಿಗೆ ಮುಗಿಯಿತು. ಕಾಲ್ಡೆಕಾಟ್ 1882ರಲ್ಲಿ ಇದನ್ನು ಚಿತ್ರಿಸಿದಾಗ ಹಾಡು ಮುಗಿದ ಮೇಲೆ ಇನ್ನೊಂದು ಚಿತ್ರವನ್ನು ಬರೆದ: ತಟ್ಟೆ ಚೂರುಚೂರಾಗಿ ಬಿದ್ದಿದೆ, ಓಡಿಹೋದ ಚಮಚವನ್ನು ಅದರ ತಾಯಿತಂದೆಗಳಾದ ಮುಳ್ಳುಚಮಚ, ಚಾಕುಗಳು ಮನೆಗೆ ಕರೆದೊಯ್ಯುತ್ತಿವೆ! ಇದು ಹಾಡಿನಲ್ಲಿ ಎಲ್ಲಿದೆ? ಎಲ್ಲಿಯೂ ಇಲ್ಲ. ಅದೇ ಪುಸ್ತಕದ ಇನ್ನೊಂದು ಹಾಡಿನಲ್ಲಿ, ಮಗುವಿಗೆ ಹೊದಿಸಲು ತಂದೆ ಮೊಲದ ಚರ್ಮ ತರಹೋಗುತ್ತಾನೆ. ಕೊನೆಯ ಚಿತ್ರದಲ್ಲಿ ಆ ಚರ್ಮದ ಅಂಗಿ ತೊಟ್ಟ ಮಗು ತಾಯಿಯೊಡನೆ ತಿರುಗಾಡಹೋಗಿದೆ. ದಿಬ್ಬದ ಮೇಲೆ ಕುಳಿತ ಮೊಲಗಳನ್ನು ಮಗು ನೋಡುತ್ತಿದೆ, ಮೊಲಗಳು ಮಗುವನ್ನು. ಯಾರೂ ಮಾತನಾಡುವುದಿಲ್ಲ. ನೋಡುವ ಮಗುವಿಗೆ ಮಾತ್ರ, ಈ ಬೆಚ್ಚನೆಯ ಅಂಗಿ ಎಲ್ಲಿಂದ ಬಂತೆಂಬುದು ಥಟ್ಟನೆ ಹೊಳೆಯುತ್ತದೆ. ಆರು ಪುಟದ ನೀತಿಪಾಠ ಇದನ್ನು ಮಾಡಬಲ್ಲುದೆ?

ಕಾಲ್ಡೆಕಾಟ್ 1886ರಲ್ಲಿ, ನಲವತ್ತು ತುಂಬುವ ಮುನ್ನವೇ, ಅಮೆರಿಕದ ಫ್ಲಾರಿಡಾದಲ್ಲಿ ತೀರಿಕೊಂಡ. ಅವನ ಹೆಸರಿನ ಪದಕವನ್ನು ಅಮೆರಿಕದ ಗ್ರಂಥಾಲಯ ಸಂಘದವರು 1938ರಿಂದ ಉತ್ತಮ ಚಿತ್ರಪುಸ್ತಕಕ್ಕೆ ಕೊಡುತ್ತ ಬಂದಿದ್ದಾರೆ. 1964ರಲ್ಲಿ ಅದು ಮಾರಿಸ್ ಸೆಂಡಾಕನ ‘ವೇರ್ ದಿ ವೈಲ್ಡ್ ಥಿಂಗ್ಸ್ ಆರ್’ ಪುಸ್ತಕಕ್ಕೆ ಸಂದಿತು. ತುಂಟತನಕ್ಕಾಗಿ ಊಟವಿಲ್ಲದೆ ಮಲಗಿದ ಹುಡುಗನ ಸಿಟ್ಟು ಏರಿದಂತೆ ಚಿತ್ರವೂ ಪುಟದಲ್ಲಿ ಬೆಳೆಯುತ್ತ ಹೋಗಿ, ಕೊನೆಗೆ ಮಾತಿಗೆ ಸ್ಥಳವೇ ಇಲ್ಲದಂತೆ ಮೂರು ಜೋಡಿಪುಟಗಳನ್ನು ಪೂರ್ತಿ ತುಂಬಿಬಿಡುತ್ತದೆ. ಅದಾದ ನಾಲ್ಕು ವರ್ಷಕ್ಕೆ ರೋಸಿಯೂ ಅವಳ ಹಿಂದೆ ನರಿಯೂ ಹೊರಟುವು.

ಇನ್ನು ಬೆಲೆಯ ಮಾತು. ನನ್ನ ಕೆಂಪು ಶಾಯಿಗೆ ಅದೂ ಒಂದು ಕಾರಣವಾಗಿತ್ತಲ್ಲ! ಬೀಟ್ರಿಕ್ಸ್ ಪಾಟರ್ 1893ರಲ್ಲಿ ತನ್ನ ಹಳೆಯ ಉಪಾಧ್ಯಾಯಿನಿಯ ಕಾಯಿಲೆಯ ಮಗನಿಗೆ ಒಂದು ಚಿತ್ರದ ಕಾಗದ ಬರೆದಳು. ನಾಲ್ಕು ಮೊಲದ ಮರಿಗಳ ಕಥೆ. ಅದನ್ನು ಪುಸ್ತಕ ಮಾಡಹೊರಟಾಗ ಪ್ರಕಾಶಕರು ಒಬ್ಬರಾದ ಮೇಲೊಬ್ಬರು ಬೇಡವೆಂದರು. ಎಳೆಯ ಕೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗಿರಬೇಕು, ಮಗುವಿಗೆ ಎಟುಕುವ ಬೆಲೆಯಿರಬೇಕು ಎಂಬುದನ್ನು ಅವಳು ಬಿಡಲೊಲ್ಲಳು. 1901ರಲ್ಲಿ ಸ್ವಂತ ಹಣದಿಂದ 250 ಪ್ರತಿ ಅಚ್ಚುಹಾಕಿಸಿದಳು. ಮರುವರ್ಷ ಪ್ರಕಾಶಕನೊಬ್ಬ ಒಪ್ಪಿ ಬಣ್ಣದಲ್ಲಿ ತಂದ. ಬೆಲೆ ಒಂದು ಶಿಲ್ಲಿಂಗ್. ಬಣ್ಣ ದುಬಾರಿ ಎಂಬುದು ನಿಜವೇ. ಆದರೆ ಇವಾನ್ಸನಾಗಲಿ ಪಾಟರಳಾಗಲಿ ‘ಆದ್ದರಿಂದ ಚಿತ್ರ ಬೇಡ’ ಎನ್ನಲಿಲ್ಲ. ಬೆಲೆಯನ್ನು ಮಗುವಿನ ಕೈಗೆ ಇಳಿಸುವ ದಾರಿ ಹುಡುಕಿದರು.

ನಮ್ಮಲ್ಲಿ? ಬ್ರೌನಿಂಗ್ ಕವಿಯ ಕಿನ್ನರಿಗಾರನ ಕಥನವನ್ನು 1888ರಲ್ಲಿ ಕೇಟ್ ಗ್ರೀನವೇ ಚಿತ್ರಿಸಿದಳು, ಇವಾನ್ಸನೇ ಅಚ್ಚುಹಾಕಿದ. ಅದೇ ಕಥೆ ಕುವೆಂಪು ಅವರ ಕೈಯಲ್ಲಿ ಬೊಮ್ಮನಹಳ್ಳಿಯ ಕಿಂದರಿಜೋಗಿಯಾಗಿ ಕನ್ನಡದ ಮಕ್ಕಳ ನಾಲಗೆಯ ಮೇಲೆ ನಿಂತಿತು. ನಮಗೆ ಒಲಿದದ್ದು ಕಿವಿಯ ಸಂಪತ್ತು. ಕಣ್ಣಿನದು ತಡವಾಗಿ ಬಂತು. 1947ರಲ್ಲಿ ಮದರಾಸಿನಲ್ಲಿ ಮೊದಲಾದ ‘ಚಂದಮಾಮ’ 1949ರಲ್ಲಿ ಕನ್ನಡಕ್ಕೂ ಬಂದು, ಎಂ.ಟಿ.ವಿ. ಆಚಾರ್ಯ, ಶಂಕರ್ ಮೊದಲಾದವರ ಚಿತ್ರಗಳನ್ನು ಮನೆಮನೆಗೆ ಮುಟ್ಟಿಸಿತು. ಹೆಗಲ ಮೇಲೆ ಹೆಣ ಹೊತ್ತು, ಕತ್ತಿ ಹಿಡಿದು ನಡೆಯುವ ಶಂಕರರ ವಿಕ್ರಮನನ್ನು ಒಮ್ಮೆ ಕಂಡವರು ಮರೆತಾರೆಯೆ? ನಾನೂ ಹುಡುಗನಾಗಿದ್ದಾಗ ಆ ಚಿತ್ರವನ್ನೇ ದಿಟ್ಟಿಸುತ್ತ ಕುಳಿತಿರುತ್ತಿದ್ದೆ. “ನೋಡಿದ್ದು ಸಾಕು, ಓದೋ” ಎನ್ನುತ್ತಿದ್ದರು ತಂದೆ. ಆ ಮಾತೇ ಮುಂದೆ ನನ್ನ ಕೈಯಲ್ಲಿ ಕೆಂಪು ಶಾಯಿಯಾಯಿತೆಂದು ತೋರುತ್ತದೆ.

ಚಂದಮಾಮ ಈಗಿಲ್ಲ, ಶಂಕರ್ 2020ರಲ್ಲಿ ತೀರಿಕೊಂಡರು. ಆದರೆ ದಾರಿ ಮುಚ್ಚಿಲ್ಲ. ದೆಹಲಿಯಲ್ಲಿ ವ್ಯಂಗ್ಯಚಿತ್ರಕಾರ ಶಂಕರ ಪಿಳ್ಳೆಯವರು 1957ರಲ್ಲಿ ಸ್ಥಾಪಿಸಿದ ಚಿಲ್ಡ್ರನ್ಸ್ ಬುಕ್ ಟ್ರಸ್ಟ್ ಮಕ್ಕಳಿಗಾಗಿ ಚಿತ್ರದ ಪುಸ್ತಕಗಳನ್ನು ತಂದಿತು. ನಮ್ಮ ಬೆಂಗಳೂರಿನಲ್ಲೇ 2004ರಲ್ಲಿ ಹುಟ್ಟಿದ ಪ್ರಥಮ್ ಬುಕ್ಸ್ ಅನೇಕ ಭಾರತೀಯ ಭಾಷೆಗಳಲ್ಲಿ ಅಗ್ಗದ ಬೆಲೆಗೆ ಚಿತ್ರಪುಸ್ತಕಗಳನ್ನು ಕೊಡುತ್ತಿದೆ. 2015ರಿಂದ ಅವನ್ನು ಅಂತರ್ಜಾಲದಲ್ಲಿ ಬಿಟ್ಟಿಯಾಗಿಯೂ ಓದಬಹುದು. ಅಚ್ಚಿನವರು ತಮ್ಮ ಕೆಲಸ ಮಾಡಿದ್ದಾರೆ. ಕಲಿಯಬೇಕಾದವರು ನಾವು, ಹಿರಿಯರು. ಅಕ್ಷರವನ್ನು ಓದುವುದೇ ಓದು ಎಂದುಕೊಂಡಿರುವ ನಮಗೆ, ಮಾತು ಹೇಳದೆ ಬಿಟ್ಟದ್ದನ್ನು ಕಾಣುವುದೂ ಓದೇ ಎಂದು ಯಾರು ಹೇಳಿಕೊಟ್ಟಾರು? ದಿನ ಬೆಳಗಾದರೆ ಕಾವ್ಯದಲ್ಲಿ ಧ್ವನಿ ಎಂದು ಪಾಠ ಹೇಳುವವನಿಗೂ ಅದು ತಿಳಿಯದೆ ಹೋಯಿತು.

ಕಳೆದ ವಾರ ಆ ಶಾಲೆಗೆ ಹೋದೆ. ಹೊಡೆದುಹಾಕಿದ ಪುಸ್ತಕಗಳನ್ನು ಮತ್ತೆ ಸೇರಿಸಬೇಕೆಂದೆ. ಮುಖ್ಯೋಪಾಧ್ಯಾಯಿನಿಯವರು ನಕ್ಕು, “ಈ ವರ್ಷದ ಹಣ ಮುಗಿಯಿತು ಸಾರ್, ಮುಂದಿನ ವರ್ಷ ನೋಡೋಣ” ಎಂದರು. ಒಂದು ತರಗತಿಯ ಮಕ್ಕಳು ಮುಂದಿನ ತರಗತಿಗೆ ಹೋಗಿಯಾಗಿತ್ತು. ಕೆಂಪು ಶಾಯಿಯನ್ನು ಅಳಿಸುವುದು ಅಷ್ಟು ಸುಲಭವಲ್ಲ. ಸದ್ಯಕ್ಕೆ ಮಗಳ ‘ರೋಸಿ’ಯನ್ನು ಅವಳನ್ನು ಕೇಳಿಯೇ ತೆಗೆದುಕೊಂಡು ಹೋಗಿ ಅಲ್ಲಿ ಕೊಟ್ಟು ಬಂದಿದ್ದೇನೆ.

“ಅಲ್ಲಿಯ ಮೇಷ್ಟ್ರಿಗೆ ನರಿ ಕಾಣುತ್ತಾ ಅಪ್ಪ?” ಎಂದು ಮಗಳು ಕೇಳಿದಳು.

“ಮಕ್ಕಳು ತೋರಿಸುತ್ತಾರೆ” ಎಂದೆ.