‘ವೈವಾಕ್ಸ್ ಸಾಧಾರಣ ಮಲೇರಿಯಾ, ಹೆದರಬೇಕಿಲ್ಲ’ ಎಂಬುದು ನಿಜವೇ?

ರಕ್ತಪರೀಕ್ಷೆಯ ವರದಿಯಲ್ಲಿ ‘ಪಿ.ವಿ.’ ಎಂದಿದ್ದರೆ ವೈವಾಕ್ಸ್ ಮಲೇರಿಯಾ, ‘ಪಿ.ಎಫ್.’ ಎಂದಿದ್ದರೆ ಫಾಲ್ಸಿಪ್ಯಾರಮ್ ಮಲೇರಿಯಾ. ‘ಪಿ.ಎಫ್. ಮಾತ್ರ ಅಪಾಯ, ಪಿ.ವಿ. ಸಾಧಾರಣ ಜ್ವರ’ ಎಂದು ಹಲವರು ನಂಬುತ್ತಾರೆ. ಇದು ಅರ್ಧ ಸತ್ಯ. ಫಾಲ್ಸಿಪ್ಯಾರಮ್ ಹೆಚ್ಚು ಅಪಾಯಕಾರಿ ಹೌದು. ಆದರೆ ವೈವಾಕ್ಸ್ ಕೂಡ ಕೆಲವರಲ್ಲಿ ಉಲ್ಬಣಿಸಿ ಪ್ರಾಣಕ್ಕೆ ಕುತ್ತು ತರಬಹುದು. ಮಂಗಳೂರಿನಲ್ಲಿ ಕಂಡುಬರುವ ಮಲೇರಿಯಾದಲ್ಲಿ ಹೆಚ್ಚಿನದು ವೈವಾಕ್ಸ್ ಆಗಿರುವುದರಿಂದ ಇದನ್ನು ತಿಳಿದಿರುವುದು ಅಗತ್ಯ.

ಲಕ್ಷಣಗಳೇನು?

ಸೋಂಕಿತ ಹೆಣ್ಣು ಅನಾಫಿಲಿಸ್ ಸೊಳ್ಳೆ ಕಚ್ಚಿದ ಸುಮಾರು ಎರಡು ವಾರಗಳ ನಂತರ ಜ್ವರ ಬರುತ್ತದೆ. ಮೊದಲು ನಡುಗಿಸುವ ಚಳಿ, ಆಮೇಲೆ ಸುಡುವ ಜ್ವರ, ಕೊನೆಗೆ ಬೆವರು. ಜೊತೆಗೆ ತಲೆನೋವು, ಮೈಕೈ ನೋವು, ವಾಂತಿ ಇರಬಹುದು. ‘ದಿನ ಬಿಟ್ಟು ದಿನ ಜ್ವರ ಬಂದರೆ ಮಾತ್ರ ಮಲೇರಿಯಾ’ ಎನ್ನುವುದು ತಪ್ಪು. ಆರಂಭದಲ್ಲಿ ಪ್ರತಿದಿನವೂ ಜ್ವರ ಬರಬಹುದು.

ಪ್ಲೇಟ್‌ಲೆಟ್ ಕಡಿಮೆಯಾದರೆ ಡೆಂಗಿಯೇ?

ಹಾಗೇನಿಲ್ಲ. ವೈವಾಕ್ಸ್‌ನಲ್ಲೂ ಪ್ಲೇಟ್‌ಲೆಟ್ ಇಳಿಯುವುದು ಸಾಮಾನ್ಯ. ಮಲೇರಿಯಾಕ್ಕೆ ಸರಿಯಾದ ಔಷಧಿ ಸಿಕ್ಕರೆ ಸಾಮಾನ್ಯವಾಗಿ ಅದು ತಾನಾಗಿ ಏರುತ್ತದೆ. ಡೆಂಗಿ ಇರಬಹುದೆಂದು ಪಪ್ಪಾಯಿ ಎಲೆಯ ರಸ ಕುಡಿಯುತ್ತಾ ಮಲೇರಿಯಾ ಪರೀಕ್ಷೆಯನ್ನು ತಡಮಾಡಬೇಡಿ.

ಯಾವಾಗ ತುರ್ತು?

ಕಣ್ಣು ಹಳದಿಯಾಗುವುದು, ಮೂತ್ರ ಕಡಿಮೆಯಾಗುವುದು, ಉಸಿರಾಟದ ತೊಂದರೆ, ರಕ್ತಸ್ರಾವ, ತೀವ್ರ ರಕ್ತಹೀನತೆ, ಫಿಟ್ಸ್, ಪ್ರಜ್ಞೆ ತಪ್ಪುವುದು – ಇವುಗಳಲ್ಲಿ ಒಂದಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಿ. ಎಡ ಪಕ್ಕೆಯ ಕೆಳಗೆ ದಿಢೀರ್ ನೋವು ಬಂದರೂ ತಡ ಬೇಡ. ಊದಿದ ಗುಲ್ಮ ಒಡೆಯುವುದು ಅಪರೂಪವಾದರೂ ಜೀವಕ್ಕೇ ಅಪಾಯ. ಚಿಕ್ಕ ಮಕ್ಕಳು ಮತ್ತು ಗರ್ಭಿಣಿಯರ ಬಗ್ಗೆ ಇನ್ನೂ ಹೆಚ್ಚು ಎಚ್ಚರ ಬೇಕು.

ಜ್ವರ ಬಿಟ್ಟಿತು, ಮಾತ್ರೆ ನಿಲ್ಲಿಸಬಹುದೇ?

ಬೇಡ. 3 ದಿನದ ಕ್ಲೋರೋಕ್ವಿನ್ ರಕ್ತದಲ್ಲಿರುವ ಪರಾವಲಂಬಿಯನ್ನು ಕೊಲ್ಲುತ್ತದೆ. ಆದರೆ ವೈವಾಕ್ಸ್ ಯಕೃತ್ತಿನಲ್ಲಿಯೂ ಅಡಗಿ ಕುಳಿತು, ವಾರಗಳೋ ತಿಂಗಳುಗಳೋ ಕಳೆದ ಮೇಲೆ ಸೊಳ್ಳೆ ಕಚ್ಚದೆಯೇ ಮತ್ತೆ ಜ್ವರ ತರಬಲ್ಲದು. ಅದನ್ನು ತಡೆಯಲೆಂದೇ 14 ದಿನಗಳ ಪ್ರೈಮಾಕ್ವಿನ್ ಕೊಡುತ್ತಾರೆ. ಗರ್ಭಿಣಿಯರಿಗೆ, ಹಸುಗೂಸುಗಳಿಗೆ ಇದನ್ನು ಕೊಡುವುದಿಲ್ಲ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಲ್ಲಿ ಇದು ಕೆಂಪು ರಕ್ತಕಣಗಳನ್ನು ಒಡೆಯಬಹುದು. ಆದ್ದರಿಂದ ವೈದ್ಯರನ್ನು ಕೇಳದೆ ಈ ಮಾತ್ರೆ ತೆಗೆದುಕೊಳ್ಳಬೇಡಿ. ಅವರು ಕೊಟ್ಟಿದ್ದರೆ ಅರ್ಧಕ್ಕೆ ಬಿಡಬೇಡಿ. ಮಾತ್ರೆ ಶುರುವಾದ ಮೇಲೆ ಮೂತ್ರ ಕಪ್ಪಾದರೆ ಕೂಡಲೇ ವೈದ್ಯರಿಗೆ ತಿಳಿಸಿ.

ನೆನಪಿಡಿ: ಚಳಿಜ್ವರ ಬಂದರೆ ಮೊದಲು ರಕ್ತಪರೀಕ್ಷೆ. ವರದಿಯಲ್ಲಿ ಪಿ.ವಿ. ಎಂದಿದ್ದರೂ ನಿರ್ಲಕ್ಷ್ಯ ಬೇಡ.