ಈಜುಕೊಳದ ಮೇಲೆ ನಿಂತ ವಕ್ತಾರರು

ಟೀವಿಯಲ್ಲಿ ವೈಟ್ ಹೌಸ್ ಬ್ರೀಫಿಂಗ್ ಬಂದಾಗಲೆಲ್ಲ ನನಗೆ ವಕ್ತಾರರ ಮುಖಕ್ಕಿಂತ ಅವರ ಕಾಲಡಿಯ ನೆಲವೇ ನೆನಪಾಗುತ್ತೆ. ಆ ಕೋಣೆಯ ಕೆಳಗೆ ಒಂದು ಈಜುಕೊಳ ಇದೆ ಸ್ವಾಮೀ! ಪೋಲಿಯೋದಿಂದ ಕಾಲಿನ ಸ್ವಾಧೀನ ಕಳಕೊಂಡಿದ್ದ ರೂಸ್‌ವೆಲ್ಟ್‌ಗೋಸ್ಕರ ಜನರಿಂದ ಚಂದಾ ಎತ್ತಿ 1933ರಲ್ಲಿ ಕಟ್ಟಿಸಿದ್ದು. 1970ರಲ್ಲಿ ನಿಕ್ಸನ್ ಅದನ್ನು ಮುಚ್ಚಿಸಿ ಪತ್ರಕರ್ತರಿಗೆ ಜಾಗ ಮಾಡಿಕೊಟ್ಟರು. ಪತ್ರಕರ್ತರನ್ನು ಕಂಡರಾಗದ ಮನುಷ್ಯ ಮಾಡಿದ ಉಪಕಾರ ನೋಡಿ.

ಅವರ ವಕ್ತಾರ ರಾನ್ ಝೀಗ್ಲರ್ 1972ರಲ್ಲಿ ವಾಟರ್‌ಗೇಟ್ ಪ್ರಕರಣವನ್ನು ಮೂರನೇ ದರ್ಜೆಯ ಕಳ್ಳತನದ ಪ್ರಯತ್ನ ಅಂತ ತಳ್ಳಿಹಾಕಿದ್ದರು. 1973ರ ಏಪ್ರಿಲ್ 17ರಂದು ಅದೇ ಝೀಗ್ಲರ್, ಹಿಂದಿನ ಹೇಳಿಕೆಗಳು ಈಗ ಚಾಲ್ತಿಯಲ್ಲಿಲ್ಲ ಅಂದುಬಿಟ್ಟರು. ಸುಳ್ಳು ಅನ್ನೋದಕ್ಕೆ ಎಂಥಾ ಸರ್ಕಾರಿ ಪದ! ಎರಡು ವಾರದಲ್ಲಿ ವಾಷಿಂಗ್ಟನ್ ಪೋಸ್ಟ್‌ನ ಕ್ಷಮೆಯನ್ನೂ ಕೇಳಬೇಕಾಯ್ತು.

ನಾನು ಹೇಳಹೊರಟಿದ್ದು ಅವರ ನಂತರ ಬಂದವರ ಬಗ್ಗೆ. 1974ರ ಆಗಸ್ಟ್‌ನಲ್ಲಿ ಜೆರಾಲ್ಡ್ ಫೋರ್ಡ್ ಅಧ್ಯಕ್ಷರಾದಾಗ, ಡೆಟ್ರಾಯಿಟ್ ನ್ಯೂಸ್ ಪತ್ರಿಕೆಯ ಜೆರಾಲ್ಡ್ ಟೆರ್‌ಹಾರ್ಸ್ಟ್ ಅವರನ್ನು ವಕ್ತಾರರನ್ನಾಗಿ ಮಾಡಿಕೊಂಡರು. ಇಬ್ಬರೂ ಮಿಚಿಗನ್ನಿನವರು, ಹಳೇ ಪರಿಚಯ. ನಿಕ್ಸನ್‌ಗೆ ಕ್ಷಮಾದಾನ ಕೊಡ್ತೀರಾ ಅಂತ ಪತ್ರಕರ್ತರು ಕೇಳಿದಾಗ ಟೆರ್‌ಹಾರ್ಸ್ಟ್ ಒಳಗಿನವರನ್ನು ವಿಚಾರಿಸಿಯೇ, ಅಂಥಾ ಯೋಚನೆ ಇಲ್ಲ ಅಂದಿದ್ದರು. ಅಸಲಿ ಸಂಗತಿ ಅವರಿಗೆ ಗೊತ್ತಾಗಿದ್ದು ಘೋಷಣೆಯ ಹಿಂದಿನ ದಿನ! ಸೆಪ್ಟೆಂಬರ್ 8, ಭಾನುವಾರ, ಫೋರ್ಡ್ ಕ್ಷಮಾದಾನ ಘೋಷಿಸಿದರು. ಟೆರ್‌ಹಾರ್ಸ್ಟ್ ಅವತ್ತೇ ರಾಜೀನಾಮೆ ಕೊಟ್ಟರು. ಆತ್ಮಸಾಕ್ಷಿಗೆ ಓಗೊಟ್ಟು ವಿಯೆಟ್ನಾಂ ಯುದ್ಧಕ್ಕೆ ಹೋಗದ ಹುಡುಗರಿಗೆ ಇಲ್ಲದ ಪೂರ್ಣ ಕ್ಷಮೆ, ಆರೋಪಪಟ್ಟಿಯೇ ಇಲ್ಲದ ಮಾಜಿ ಅಧ್ಯಕ್ಷರಿಗೆ ಯಾಕೆ ಅನ್ನೋದು ಅವರ ಪತ್ರದ ತಿರುಳು. ಕೆಲಸದಲ್ಲಿ ಇದ್ದದ್ದು ಒಂದೇ ತಿಂಗಳು. ಆಮೇಲೆ ವಾಪಸ್ ಪತ್ರಿಕೆಗೆ ಹೋಗಿ ಅಂಕಣ ಬರೆದರು.

ಎಲ್ಲರೂ ಹಾಗಿರಲ್ಲ ಬಿಡಿ. 1983ರ ಅಕ್ಟೋಬರ್ 24ರಂದು, ಗ್ರೆನಡಾ ಮೇಲೆ ದಾಳಿ ಮಾಡ್ತೀರಂತೆ, ಹೌದಾ ಅಂತ ಸಿಬಿಎಸ್ ವರದಿಗಾರರೊಬ್ಬರು ಕೇಳಿದರು. ರೇಗನ್ ವಕ್ತಾರ ಲ್ಯಾರಿ ಸ್ಪೀಕ್ಸ್ ಭದ್ರತಾ ಮಂಡಳಿಯವರನ್ನು ವಿಚಾರಿಸಿ, ಅದೆಲ್ಲಾ ಅಸಂಬದ್ಧ ಅಂದರು. ಬೆಳಗಾಗುವಷ್ಟರಲ್ಲಿ ಸೈನ್ಯ ದ್ವೀಪದಲ್ಲಿತ್ತು. ಪತ್ರಿಕಾ ಕಚೇರಿಯ ಲೆಸ್ ಜಾಂಕಾ ಕೆಲಸ ಬಿಟ್ಟರು. ಸ್ಪೀಕ್ಸ್ 1987ರವರೆಗೂ ಅಲ್ಲೇ ಇದ್ದರು.

ಸ್ಪೀಕ್ಸ್‌ರನ್ನು ಬೈಯೋಣ ಅಂದ್ರೆ ನನಗೆ ಬಾಯಿ ಬರಲ್ಲ. ಇಲ್ಲಿ ನಾನು ಹಿಂದೆ ಇದ್ದ ಕಂಪನಿಯೊಂದರಲ್ಲಿ, ಯಾರ ಕೆಲಸವೂ ಹೋಗಲ್ಲ ಅಂತ ಟೀಮಿಗೆ ಧೈರ್ಯ ಹೇಳಪ್ಪಾ ಅಂದಿದ್ದರು ಮೇಲಿನವರು. ನಂಬಿ ಹೇಳಿದೆ. ಹತ್ತು ದಿನಕ್ಕೆ ಇಬ್ಬರು ರಟ್ಟಿನ ಡಬ್ಬ ಹಿಡಕೊಂಡು ಹೊರಟರು. ಒಬ್ಬ ನನ್ನ ಮುಖ ನೋಡಿ, 'ನಿನಗೆ ಗೊತ್ತಿತ್ತಾ?' ಅಂತ ಕೇಳಿದ. ಇಲ್ಲ ಮಾರಾಯ ಅಂದೆ. ಅವನು ನಂಬಿದ ಹಾಗೆ ಕಾಣಲಿಲ್ಲ. ವೀಸಾ, ಮನೆ ಸಾಲದ ಕಂತು ಎಲ್ಲ ಇತ್ತಲ್ಲ, ಮಾರನೇ ದಿನ ಎಂದಿನಂತೆ ಎಂಟೂವರೆಗೆ ಆಫೀಸಿಗೆ ಹೋದೆ.