ಟಿಕೆಟ್ಟೇ ವೀಸಾ ಆಗಿದ್ದ ಕಾಲ

ಹೊರದೇಶಕ್ಕೆ ಹೊರಟವರಿಗೆ ಬಟ್ಟೆಬರೆ ತುಂಬುವುದಕ್ಕಿಂತ ದೊಡ್ಡ ಕೆಲಸ ಕಾಗದಪತ್ರ ಹೊಂದಿಸುವುದು. ಪಾಸ್‌ಪೋರ್ಟು, ವೀಸಾ, ಬ್ಯಾಂಕ್ ಸ್ಟೇಟ್‌ಮೆಂಟು, ವಾಪಸ್ ಟಿಕೆಟ್ಟು.. ಒಂದು ಕಡಿಮೆಯಾದರೂ ವಿಮಾನ ಕಂಪನಿಯ ಕೌಂಟರಿನಲ್ಲೇ ತಡೆಯುತ್ತಾರೆ. ಈ ನಿಯಮಗಳು ಬರೀ ಆಫೀಸಿನ ಕಿರಿಕಿರಿ ಅಂತ ನಾವು ಅಂದುಕೊಂಡಿದ್ದೇವೆ. ಆದರೆ ಇವುಗಳ ಹಿಂದೆ ನೂರು ವರ್ಷಕ್ಕೂ ಮೀರಿದ ಕಥೆಯಿದೆ, ಅದರಲ್ಲಿ ರಕ್ತವೂ ಇದೆ.

20ನೇ ಶತಮಾನದ ಶುರುವಿನಲ್ಲಿ ಪಂಜಾಬಿನಿಂದ ಕೆನಡಾಕ್ಕೆ ದುಡಿಯಲು ಹೋಗುವವರು ಹೆಚ್ಚಾದರು. ಅಲ್ಲಿನ ಬಿಳಿಯರಿಗೆ ಇದು ಬೇಡವಾಗಿತ್ತು. ಆದರೆ ಭಾರತವೂ ಬ್ರಿಟಿಷರದ್ದು, ಕೆನಡಾವೂ ಬ್ರಿಟಿಷರದ್ದು. "ಭಾರತೀಯರು ಬರಬಾರದು" ಅಂತ ಹೆಸರು ಹಿಡಿದು ಬರೆದರೆ ಸಾಮ್ರಾಜ್ಯಕ್ಕೇ ಮುಜುಗರ. ಅದಕ್ಕೆ 1908ರಲ್ಲಿ ಒಂದು ಉಪಾಯ ಮಾಡಿದರು. ಬರುವವರು ತಾವು ಹುಟ್ಟಿದ ಅಥವಾ ಪ್ರಜೆಯಾಗಿರುವ ದೇಶದಿಂದ, ಅಲ್ಲೇ ಕೊಂಡ ನೇರ ಟಿಕೆಟ್ಟಿನಲ್ಲಿ, ಎಲ್ಲೂ ಪ್ರಯಾಣ ಮುರಿಯದೆ ಬರಬೇಕು! ನಿಯಮದಲ್ಲಿ ಭಾರತದ ಹೆಸರೇ ಇಲ್ಲ. ಆದರೆ ಭಾರತದಿಂದ ಬರುವವರಿಗೆ ಹಾಗೊಂದು ನೇರ ಹಡಗು ಸಿಗುತ್ತಿರಲಿಲ್ಲ. ಹಾಂಗ್‌ಕಾಂಗಿನಲ್ಲೋ ಜಪಾನಿನಲ್ಲೋ ಹಡಗು ಬದಲಿಸಲೇಬೇಕು. ಜೊತೆಗೆ ಏಷ್ಯಾದವರ ಕೈಯಲ್ಲಿ 200 ಡಾಲರ್ ಇರಬೇಕು ಅಂತಲೂ ಮಾಡಿದರು. ಮೊದಲು ಸಾಕಾಗಿದ್ದದ್ದು 25 ಡಾಲರ್.

1913ರ ನವೆಂಬರಿನಲ್ಲಿ ಪನಾಮಾ ಮಾರು ಎಂಬ ಹಡಗಿನಲ್ಲಿ ಹೋದ ಭಾರತೀಯರ ಪರವಾಗಿ ಬ್ರಿಟಿಷ್ ಕೊಲಂಬಿಯಾದ ನ್ಯಾಯಾಲಯ ತೀರ್ಪು ಕೊಟ್ಟಿತು. ಆದೇಶದ ಮಾತುಗಳು ಮೂಲ ಕಾಯ್ದೆಗೆ ಹೊಂದುವುದಿಲ್ಲ ಎಂಬುದು ಕಾರಣ. ಇದರಿಂದ ಧೈರ್ಯ ಬಂದು, ವ್ಯಾಪಾರಿ ಗುರುದಿತ್ ಸಿಂಗ್ 'ಕೊಮಗಾಟ ಮಾರು' ಎಂಬ ಜಪಾನಿ ಹಡಗನ್ನು ಬಾಡಿಗೆಗೆ ಹಿಡಿದರು. ಅಷ್ಟರಲ್ಲಿ, 1914ರ ಜನವರಿಯಲ್ಲೇ, ಕೆನಡಾ ಸರ್ಕಾರ ಆದೇಶದ ಮಾತು ತಿದ್ದಿ ಮತ್ತೆ ಹೊರಡಿಸಿತ್ತು.

ಹಡಗು ಹಾಂಗ್‌ಕಾಂಗಿನಿಂದ ಏಪ್ರಿಲ್‌ನಲ್ಲಿ ಹೊರಟು ಮೇ 23, 1914ಕ್ಕೆ ವ್ಯಾಂಕೂವರ್ ಮುಟ್ಟಿತು. ಒಳಗೆ 376 ಜನ. ಹೆಚ್ಚಿನವರು ಸಿಖ್ಖರು, ಜೊತೆಗೆ ಮುಸ್ಲಿಮರು, ಹಿಂದೂಗಳು. ಮೊದಲೇ ಕೆನಡಾದಲ್ಲಿ ನೆಲೆಸಿದ್ದ ಇಪ್ಪತ್ತು ಚಿಲ್ಲರೆ ಜನರನ್ನು ಬಿಟ್ಟರೆ ಉಳಿದವರಿಗೆ ಇಳಿಯಲು ಅವಕಾಶ ಇಲ್ಲ. ಎರಡು ತಿಂಗಳು ದಡ ಕಣ್ಣೆದುರಿಗೇ ಇದ್ದರೂ ಹಡಗಿನಲ್ಲೇ ವಾಸ. ಅನ್ನ ನೀರಿಗೂ ತತ್ವಾರ. ಮುನ್ಷಿ ಸಿಂಗ್ ಎಂಬ ಪ್ರಯಾಣಿಕರ ಹೆಸರಿನಲ್ಲಿ ನಡೆದ ಮೊಕದ್ದಮೆಯೂ ಜುಲೈ 6ಕ್ಕೆ ಸೋತಿತು. ಜುಲೈ 19ರಂದು ಕತ್ತಲಲ್ಲಿ ಹಡಗು ಹತ್ತಲು ಬಂದ ಪೊಲೀಸರ ಮೇಲೆ ಪ್ರಯಾಣಿಕರು ಕಲ್ಲಿದ್ದಲು ತೂರಿ ಓಡಿಸಿದರು. ಕೊನೆಗೆ ನೌಕಾಪಡೆಯ 'ರೇನ್‌ಬೋ' ಹಡಗು ಬಂತು. ಜುಲೈ 23ಕ್ಕೆ ಎಲ್ಲರನ್ನೂ ವಾಪಸ್ ಕಳಿಸಿದರು.

ಊರಿಗೆ ಬಂದರೆ ಅಲ್ಲೂ ನೆಮ್ಮದಿಯಿಲ್ಲ. ಸೆಪ್ಟೆಂಬರ್ 29ರಂದು ಕಲ್ಕತ್ತಾ ಹತ್ತಿರದ ಬಜ್‌ಬಜ್‌ನಲ್ಲಿ ಇಳಿದವರನ್ನು ಬಲವಂತವಾಗಿ ಪಂಜಾಬಿನ ರೈಲು ಹತ್ತಿಸಲು ನೋಡಿದರು. ಗಲಾಟೆಯಾಯಿತು, ಗುಂಡು ಹಾರಿತು. ಸುಮಾರು ಇಪ್ಪತ್ತು ಪ್ರಯಾಣಿಕರು ಸತ್ತರು. ಕೆನಡಾದ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2016ರ ಮೇ ತಿಂಗಳಲ್ಲಿ!

ಇತ್ತ ಮೊದಲ ಮಹಾಯುದ್ಧದ ಹೊತ್ತಿಗೆ ಪಾಸ್‌ಪೋರ್ಟು ನಮ್ಮ ದೇಶಕ್ಕೂ ಕಾಲಿಟ್ಟಿತು. 1917ರ ಯುದ್ಧಕಾಲದ ನಿಯಮ, ಆಮೇಲೆ 1920ರ ಕಾಯ್ದೆ. ಸ್ವಾರಸ್ಯ ನೋಡಿ, ಈ 1920ರ ಕಾಯ್ದೆ ಹೇಳಿದ್ದು ದೇಶದ ಒಳಗೆ ಬರಲು ಪಾಸ್‌ಪೋರ್ಟು ಬೇಕು ಅಂತ. ಹೊರಗೆ ಹೋಗಲು ಬೇಕು ಅಂತಲ್ಲ. ಆದರೆ ಅದಿಲ್ಲದೆ ಹೋದವನು ವಾಪಸ್ ಬರುವ ಹಾಗಿಲ್ಲ, ಬೇರೆ ದೇಶವೂ ಒಳಗೆ ಬಿಡುವುದಿಲ್ಲ. ಹಾಗಾಗಿ ಹಡಗು, ವಿಮಾನದವರು ಹತ್ತಿಸಿಕೊಳ್ಳುತ್ತಲೇ ಇರಲಿಲ್ಲ. ಪಾಸ್‌ಪೋರ್ಟು ಕೊಡುವುದು ಬಿಡುವುದು ಸರ್ಕಾರದ ಮರ್ಜಿ. ಸ್ವಾತಂತ್ರ್ಯ ಬಂದು ಇಪ್ಪತ್ತು ವರ್ಷ ಇದೇ ನಡೆಯಿತು.

ಇದನ್ನು ಮುರಿದದ್ದು ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣ. ಏಪ್ರಿಲ್ 10, 1967ರಂದು ಮುಖ್ಯ ನ್ಯಾಯಮೂರ್ತಿ ಕೋಕಾ ಸುಬ್ಬರಾವ್ ಅವರ ಪೀಠ, ಮೂವರು ಒಂದು ಕಡೆ ಇಬ್ಬರು ಒಂದು ಕಡೆಯಾಗಿ, ಹೊರದೇಶಕ್ಕೆ ಹೋಗುವುದು ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದ ಭಾಗ ಎಂದಿತು. ಕಾನೂನಿಲ್ಲದೆ ಬರೀ ಅಧಿಕಾರಿಯ ಇಷ್ಟದಂತೆ ತಡೆಯುವ ಹಾಗಿಲ್ಲ. ನಾವು ಹೆಮ್ಮೆ ಪಡುವ ವಿಷಯ ಒಂದಿದೆ. ನಮ್ಮ ಮೈಸೂರು ಹೈಕೋರ್ಟು ಅದಕ್ಕೂ ಮೊದಲೇ ಒಬ್ಬ ಡಾಕ್ಟರರ ಅರ್ಜಿಯಲ್ಲಿ ಇದೇ ಮಾತು ಹೇಳಿತ್ತು. ತೀರ್ಪು ಬಂದ ಮೇಲೆ ಸರ್ಕಾರ ಅವಸರದಲ್ಲಿ ಅದೇ ವರ್ಷ ಪಾಸ್‌ಪೋರ್ಟ್ ಕಾಯ್ದೆ ತಂದಿತು. 1977ರಲ್ಲಿ ಮೇನಕಾ ಗಾಂಧಿಯವರ ಪಾಸ್‌ಪೋರ್ಟನ್ನು ಕಾರಣ ಹೇಳದೆ ವಶಕ್ಕೆ ಕೇಳಿದಾಗ, 1978ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕಾನೂನು ಇದ್ದರೆ ಸಾಲದು, ಅದು ನಡೆಯುವ ರೀತಿಯೂ ನ್ಯಾಯವಾಗಿರಬೇಕು ಎಂದಿತು.

1920ರ ಆ ಕಾಯ್ದೆ ರದ್ದಾದದ್ದು 2025ರಲ್ಲಿ, ವಲಸೆ ಮತ್ತು ವಿದೇಶಿಯರ ಹೊಸ ಕಾಯ್ದೆ ಬಂದ ಮೇಲೆ. ಹೊರಗೆ ಹೋಗುವ ಹಕ್ಕೇನೋ ನಮಗೆ ದಕ್ಕಿತು. ಆದರೆ ಇನ್ನೊಂದು ದೇಶದ ಒಳಗೆ ಹೋಗುವುದು ಇವತ್ತಿಗೂ ಆ ದೇಶದ ಮರ್ಜಿಯೇ. ಅದಕ್ಕೇ ವೀಸಾ ನಿಯಮ ಓದುವಾಗ ಅಲ್ಲಿ ಏನು ಬರೆದಿದೆ ಅಂತ ನೋಡಿದರೆ ಸಾಲದು. ಅದು ಯಾರನ್ನು ಹೊರಗಿಡುತ್ತದೆ ಅಂತಲೂ ನೋಡಬೇಕು. 1908ರ ಆದೇಶದಲ್ಲಿ ಇದ್ದದ್ದು ಬರೀ ಟಿಕೆಟ್ಟಿನ ಮಾತು, ಅಷ್ಟೇ.